ಬಂಡೆಮ್ಮನ ಹನ್ನೆರಡು ಡಬ್ಬಿ

ಬಂಡೆಮ್ಮನ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ಸ್ವಲ್ಪ ತಣ್ಣಗಾಗಲಿ, ಆಮೇಲೆ ನಾಲ್ಕು ಮಂದಿ ಓದುವ ಹಾಗೆ ಬರೆದರಾಯಿತು ಅಂತ ಮೂರು ತಿಂಗಳು ಕಾದೆ. ತಣ್ಣಗಾಗುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಇದ್ದ ಹಾಗೇ ಬರೆಯುತ್ತೇನೆ, ಓದುವವರು ಸಹಿಸಿಕೊಳ್ಳಬೇಕು.

ಅವಳು ಹೈದರಾಬಾದಿನ ಬಾಲಾನಗರದ ಕಡೆ ಇರುವ ನಮ್ಮ ಪ್ರಯೋಗಾಲಯದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಊರು ಸುರಪುರದ ಹತ್ತಿರದ ಹಳ್ಳಿ. ಗಂಡ ಸೂಗಪ್ಪ ಗೌಂಡಿ. ನಮ್ಮ ಮೂರಂತಸ್ತಿನ ಕಟ್ಟಡ ಏಳುವಾಗ ಸೂಗಪ್ಪ ಅದರ ಗೋಡೆ ಕಟ್ಟಿದ, ಬಂಡೆಮ್ಮ ಸಿಮೆಂಟಿನ ಬುಟ್ಟಿ ಹೊತ್ತಳು. ಕಟ್ಟಡ ಮುಗಿದ ದಿನ ಒಳಗೆ ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬೇಕು ಅಂತ ಮೇಸ್ತ್ರಿ ಹೇಳಿದನಂತೆ. ಬುಟ್ಟಿ ಕೆಳಗಿಟ್ಟು ಒಳಗೆ ಹೋದವಳು ಹತ್ತೊಂಬತ್ತು ವರ್ಷ ಅಲ್ಲೇ ಉಳಿದಳು. ಆ ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಗುತ್ತಿಗೆ ಏಜೆನ್ಸಿಗಳು ಬಂದು ಹೋದವು. ಏಜೆನ್ಸಿ ಬದಲಾದಾಗಲೆಲ್ಲ ಅವಳ ಕೊರಳಿಗೆ ಹೊಸ ಗೇಟ್ ಪಾಸು, ಪಾಸಿನಲ್ಲಿ ಹೊಸ ಫೋಟೊ. ಕೆಲಸ ಮಾತ್ರ ಅದೇ, ತೊಟ್ಟಿಯೂ ಅದೇ.

ನಾನು ಶೈಲಾ, ಕಲಬುರಗಿಯವಳು. ಆ ಪ್ರಯೋಗಾಲಯದಲ್ಲಿ ದೊಡ್ಡ ಸೂಕ್ಷ್ಮದರ್ಶಕದ ಕೆಲಸ ನನ್ನದು. ವಿಜ್ಞಾನಿಗಳು ಚಿಟಿಕೆ ಬಿಳಿ ಪುಡಿ ತಂದುಕೊಡುತ್ತಾರೆ, ನಾನು ಅದನ್ನು ಹತ್ತಿಪ್ಪತ್ತು ಸಾವಿರ ಪಟ್ಟು ಹಿಗ್ಗಿಸಿ ಫೋಟೊ ತೆಗೆದು, ತಾರೀಖು ಹಾಕಿ ಇಡುತ್ತೇನೆ. ಇಡೀ ಕಟ್ಟಡದಲ್ಲಿ ನಮ್ಮ ಕಡೆಯ ಮಾತು ಆಡುವವರು ನಾವಿಬ್ಬರೇ. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ತನ್ನ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಡಬ್ಬಿಯ ಮೇಲಿಡುತ್ತಿದ್ದಳು. ನನ್ನ ಅನ್ನ-ಸಾಂಬಾರು ನೋಡಿ, "ಇದೇನು ಉಣ್ತೀರಿ ಮೇಡಮ್ಮ, ಹೊಟ್ಟಿ ತುಂಬತದೇನ್ರಿ ಇದರಾಗ?" ಅಂತ ದಿನಾ ಹಂಗಿಸುತ್ತಿದ್ದಳು. ನನಗಿಂತ ಹದಿನೆಂಟು ವರ್ಷ ದೊಡ್ಡವಳು. ಆದರೂ ಅವಳು ನನಗೆ 'ರಿ' ಹಚ್ಚುತ್ತಿದ್ದಳು, ನಾನು ಅವಳಿಗೆ 'ನೀ' ಅನ್ನುತ್ತಿದ್ದೆ. ಆಗ ಅದು ಸಲಿಗೆ ಅಂದುಕೊಂಡಿದ್ದೆ.

ಕೆಲಸದ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೊಲದ ಕಸಕಡ್ಡಿಯನ್ನೋ ಕಲ್ಲಿದ್ದಲನ್ನೋ ಒಂದು ರೀತಿಯಲ್ಲಿ ಕಾಯಿಸಿದರೆ ಗ್ಯಾಸ್ ಬರುತ್ತದೆ. ಅದರಲ್ಲಿರುವುದು ಕಾರ್ಬನ್ ಮೊನಾಕ್ಸೈಡು ಮತ್ತು ಹೈಡ್ರೋಜನ್ನು, ಹೆಸರು ಸಿನ್‌ಗ್ಯಾಸ್. ಆ ಗ್ಯಾಸನ್ನು ಬೆಂಜೀನು, ಜೈಲೀನು ಮುಂತಾದ ದ್ರವವಾಗಿ ಮಾರ್ಪಡಿಸಬಹುದು. ಬಣ್ಣ, ಪ್ಲಾಸ್ಟಿಕ್ಕು, ನಾವು ಉಡುವ ಪಾಲಿಸ್ಟರ್ ಸೀರೆ, ಎಲ್ಲಕ್ಕೂ ಅದೇ ಬೇಕು. ಈ ಮಾರ್ಪಾಡು ಆಗುವುದು ಜಿಯೋಲೈಟ್ ಎಂಬ ಪುಡಿಯೊಳಗೆ. ಪುಡಿಯ ಒಂದೊಂದು ಕಣವೂ ಒಂದು ಹರಳು, ಹರಳಿನ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗಲ್ಲಿಗಳು. ಗ್ಯಾಸು ಅವುಗಳೊಳಗೆ ಹೊಕ್ಕು ಬೇರೆಯಾಗಿ ಹೊರಬೀಳಬೇಕು. ಹರಳು ದಪ್ಪಗಿದ್ದರೆ ಗಲ್ಲಿ ಉದ್ದವಾಗುತ್ತದೆ. ಹಬ್ಬದ ಹಿಂದಿನ ದಿನ ಸುಲ್ತಾನ್ ಬಜಾರಿನಲ್ಲಿ ಸಿಕ್ಕಿಕೊಂಡ ಜನರ ಹಾಗೆ ಹುಟ್ಟಿದ ಸರಕು ಅಲ್ಲೇ ಸಿಕ್ಕಿ, ಒಂದಕ್ಕೊಂದು ಅಂಟಿ ಮಸಿಯಾಗುತ್ತದೆ. ಮಸಿ ಕಟ್ಟಿದರೆ ಪುಡಿ ಸತ್ತ ಹಾಗೆ. ಹರಳು ಹಾಳೆಯಂತೆ ತೆಳ್ಳಗಿದ್ದರೆ ಗಲ್ಲಿ ಗಿಡ್ಡ, ಸರಕು ಬೇಗ ಹೊರಗೆ ಬರುತ್ತದೆ, ಪುಡಿ ಬಹಳ ದಿನ ಬದುಕುತ್ತದೆ. ಹರಳಿನ ಆಕಾರ ಅನ್ನುವುದು ಇಷ್ಟು ದೊಡ್ಡ ಸಂಗತಿ.

ತೆಳ್ಳನೆಯ ಹರಳು ಬೆಳೆಸುವ ಯೋಜನೆ ಡಾಕ್ಟರ್ ಜನಾರ್ದನ ಅವರದು. ಮೈಸೂರಿನವರು, ಮೆತ್ತನೆ ಮಾತು, ಮುಖದಲ್ಲಿ ಯಾವಾಗಲೂ ನಗು. ಅವರ ವಿಧಾನದಲ್ಲಿ ಗಂಜಿಯಂಥ ಒಂದು ದ್ರವವನ್ನು ದಪ್ಪ ಬಿಳಿ ಟೆಫ್ಲಾನ್ ಡಬ್ಬಿಗೆ ಸುರಿದು, ಅದನ್ನು ಉಕ್ಕಿನ ಕವಚದೊಳಗೆ ಬಿಗಿದು, ಎರಡು ದಿನ ಒಲೆಯಲ್ಲಿಡಬೇಕು. ಗಂಜಿ ಹರಳುಗಟ್ಟುತ್ತದೆ. ಅಂಥ ಡಬ್ಬಿಗಳು ಅವರ ಹತ್ತಿರ ಹನ್ನೆರಡು ಇದ್ದವು. ಒಮ್ಮೆ ಬಳಸಿದ ಡಬ್ಬಿಯನ್ನು ಗಾಜು ತಿನ್ನುವ ಆಸಿಡ್ಡಿನಲ್ಲಿ ಒಂದು ದಿನ ನೆನೆಸಿ, ಬ್ರಶ್ಶಿನಲ್ಲಿ ತಿಕ್ಕಿ ತೊಳೆಯಬೇಕೆಂಬುದು ನಿಯಮ. ತೊಟ್ಟಿಯ ಮೇಲೆ ಆ ನಿಯಮ ಇಂಗ್ಲಿಷು, ತೆಲುಗು ಎರಡರಲ್ಲೂ ತೂಗುಹಾಕಿತ್ತು. ಬಂಡೆಮ್ಮನಿಗೆ ಎರಡೂ ಓದಲು ಬಾರದು.

ಎರಡು ವರ್ಷ ಆ ಯೋಜನೆ ಹೂವಿನ ಸರ ಎತ್ತಿದ ಹಾಗೆ ನಡೆಯಿತು. ನನ್ನ ಪರದೆಯ ಮೇಲೆ ಹಾಳೆ ಹಾಳೆಯಾಗಿ ಚಂದದ ಹರಳುಗಳು. ಬೇರೆಯವರ ಪುಡಿ ಆರು ದಿನಕ್ಕೆ ಮಸಿಗಟ್ಟಿದರೆ ಜನಾರ್ದನರದು ಇಪ್ಪತ್ತೈದು ದಿನ ಓಡುತ್ತಿತ್ತು. ಲೇಖನ ಬಂತು, ಬಹುಮಾನ ಬಂತು, ದೊಡ್ಡ ಕಾರ್ಖಾನೆಯವರು ಬಂದು ಕೈಕುಲುಕಿ ಹೋದರು. ಆಮೇಲೆ ಕಳೆದ ವರ್ಷ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಹರಳು ಕೆಟ್ಟವು. ದಪ್ಪ, ಉದ್ದ, ತುದಿ ಕತ್ತರಿಸಿದ ಪೆಟ್ಟಿಗೆಗಳು. ನಮ್ಮ ವಿದ್ಯೆಯಲ್ಲಿ ಅದಕ್ಕೆ ಶವಪೆಟ್ಟಿಗೆ ಆಕಾರ ಅಂತಲೇ ಹೆಸರು. ಜನಾರ್ದನರು ರಾಸಾಯನಿಕದ ಬಾಟಲಿ ಬದಲಿಸಿದರು, ನೀರು ಬದಲಿಸಿದರು, ಒಲೆ ಬದಲಿಸಿದರು. ವಿದ್ಯಾರ್ಥಿಗಳನ್ನು ಬೈದರು, ನನ್ನ ಯಂತ್ರವನ್ನೂ ಬೈದರು. ಡಿಸೆಂಬರಿನ ಮಧ್ಯದಲ್ಲಿ ಹರಳು ತಾನಾಗಿಯೇ ಮತ್ತೆ ತೆಳ್ಳಗಾಯಿತು. ಕಾರಣ ಯಾರಿಗೂ ಗೊತ್ತಿಲ್ಲ.

ನನಗೆ ಗೊತ್ತಾಯಿತು. ನನ್ನ ಫೋಟೊಗಳ ಮೇಲೆ ತಾರೀಖು ಇರುತ್ತದಲ್ಲ! ಹರಳು ಕೆಟ್ಟ ಮೊದಲ ದಿನಕ್ಕೂ ಬಂಡೆಮ್ಮ ರಜೆ ಹಾಕಿದ ದಿನಕ್ಕೂ ನಾಲ್ಕು ದಿನದ ಅಂತರ. ಹರಳು ಸುಧಾರಿಸಿದ ದಿನ ಅವಳು ಬಂದು ಒಂದು ವಾರವಾಗಿತ್ತು. ಆ ನಡುವೆ ಏಜೆನ್ಸಿ ಬೇರೆ ಒಬ್ಬಳನ್ನು ಕಳಿಸಿತ್ತು. ಪಾಪ, ಅವಳು ಓದಿದವಳು, ತೊಟ್ಟಿಯ ಮೇಲಿನ ನಿಯಮವನ್ನು ಅಕ್ಷರಶಃ ಪಾಲಿಸಿದ್ದಳು.

ಬಂಡೆಮ್ಮ ರಜೆ ಹಾಕಿದ್ದು ಸುಮ್ಮನೆ ಅಲ್ಲ. ಸೂಗಪ್ಪನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು ಅಂದರು ಡಾಕ್ಟರು. ಬಂಡೆಮ್ಮನ ಹತ್ತಿರ ಕಾರ್ಮಿಕರ ವಿಮೆಯ ಈಎಸ್‌ಐ ಕಾರ್ಡಿತ್ತು, ಅದರ ಮೇಲೆ ಎಲ್ಲ ಬಿಟ್ಟಿ. ರೇಷನ್ ಕಾರ್ಡು ಇನ್ನೂ ಕರ್ನಾಟಕದ್ದೇ ಆದ್ದರಿಂದ ತೆಲಂಗಾಣ ಸರ್ಕಾರದ ಯೋಜನೆ ಅವರಿಗೆ ಸಿಗುವಂತಿರಲಿಲ್ಲ. ಅಂದರೆ ಗೇಟ್ ಪಾಸು ಇದ್ದರೆ ಈಎಸ್‌ಐ ಕಾರ್ಡು, ಕಾರ್ಡು ಇದ್ದರೆ ಸೂಗಪ್ಪ. ಬಂಡೆಮ್ಮ ಇದನ್ನೂ ನಗುತ್ತಲೇ ಹೇಳಿದ್ದಳು: "ನಾ ಇಲ್ಲಿ ಡಬ್ಬಿ ತೊಳೀತೀನ್ರಿ, ಅವರು ಅಲ್ಲಿ ಆತನ ರಗತ ತೊಳೀತಾರ. ನಾ ನಿಲ್ಲಿಸಿದ್ರ ಅವರೂ ನಿಲ್ಲಸ್ತಾರ."

ಜನವರಿಯಲ್ಲಿ ಒಂದು ದಿನ ಊಟದ ಹೊತ್ತಿಗೆ ನಾನೇ ವಿಷಯ ತೆಗೆದೆ.

"ಬಂಡೆಮ್ಮಾ, ಜನಾರ್ದನ ಸರ್ ಡಬ್ಬಿ ನೀ ಹ್ಯಾಂಗ ತೊಳೀತಿ?"

ಅವಳ ಕೈ ರೊಟ್ಟಿಯ ಮೇಲೇ ನಿಂತಿತು. "ಯಾಕ್ರಿ? ಯಾರರ ಏನರ ಅಂದ್ರೇನ್ರಿ?"

"ಯಾರೂ ಅಂದಿಲ್ಲ. ನಾ ಕೇಳಾಕತ್ತೀನಿ."

ಸುತ್ತ ಯಾರಿಲ್ಲ ಅಂತ ನೋಡಿಕೊಂಡು, ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಆ ಆಸಿಡ್ಡಿನ ಒಂದು ಹನಿ ಅವಳ ಮುಂಗೈಗೆ ಬಿದ್ದಿತ್ತು. ಒಂದು ವಾರ ಎಲುಬಿನೊಳಗೆ ಬೆಂಕಿ ಇಟ್ಟ ಹಾಗಾಗಿತ್ತಂತೆ. ಆವತ್ತಿನಿಂದ ಅದರ ಹತ್ತಿರ ಹೋಗಲು ಭಯ. ಬೇರೆಯವರ ಡಬ್ಬಿಗಳಿಗೆ ದಿನಕ್ಕೊಂದು ಬಗೆಯ ರಸಾಯನ ಬೀಳುತ್ತಿತ್ತು, ಅವನ್ನು ಹಲ್ಲು ಕಚ್ಚಿ ಆಸಿಡ್ಡಿಗೆ ಹಾಕುತ್ತಿದ್ದಳು. ಆದರೆ ಜನಾರ್ದನರ ಹನ್ನೆರಡು ಡಬ್ಬಿಗೆ ಯಾವಾಗಲೂ ಒಂದೇ ಗಂಜಿ.

"ಒಂದ ಗಂಜಿ ಬೀಳೋ ಡಬ್ಬಿ ಅವು. ಮಸರಿನ ಗಡಿಗಿ ನೀವು ದಿನಾ ಬೂದಿ ಹಚ್ಚಿ ತಿಕ್ತೀರೇನ್ರಿ ಮೇಡಮ್ಮ? ತಿಕ್ಕಿದ್ರ ಮರುದಿನ ಮಸರು ನೆಟ್ಟಗ ಹೆಪ್ಪಾಗತದೇನ್ರಿ? ಬಿಸಿನೀರಾಗ ಎರಡು ಸಲ ಗಲಬರಿಸಿ, ಅಂಗೈಲೆ ಒಂದು ಸುತ್ತು ತಿರುವಿ, ಅರಿವಿ ಮ್ಯಾಲ ಬೋರಲ ಹಾಕ್ತೀನಿ. ಅಷ್ಟ ನೋಡ್ರಿ. ಬೈತಾರೇನ್ರಿ?"

ನಾನು ತುತ್ತು ನುಂಗುವುದನ್ನೇ ಮರೆತೆ. ಡಬ್ಬಿಯ ಗೋಡೆಗೆ ಅಂಟಿ ಉಳಿದ ಹಳೆಯ ಹರಳಿನ ಕಣಗಳು ಹೊಸ ಗಂಜಿಗೆ ಬೀಜವಾಗುತ್ತಿದ್ದವು. ಬೀಜ ಹೆಚ್ಚಿದ್ದರೆ ಒಮ್ಮೆಲೆ ಸಾವಿರಾರು ಹರಳು ಹುಟ್ಟುತ್ತವೆ, ಗಂಜಿ ಎಲ್ಲಕ್ಕೂ ಹಂಚಿಹೋಗಿ ಯಾವುದೂ ದಪ್ಪವಾಗುವುದಿಲ್ಲ. ಎರಡು ವರ್ಷದ ಲೇಖನ, ಬಹುಮಾನ, ಕೈಕುಲುಕಾಟ, ಎಲ್ಲವೂ ಈ ಹೆಂಗಸಿನ ಅಂಗೈಯ ಮೇಲೆ ನಿಂತಿತ್ತು. ಪುಸ್ತಕ ಓದಿದವರು ಆಕಾಶ ನೋಡುತ್ತಿದ್ದರು.

"ಬೈಯೋದ್ಯಾಕ ಹುಚ್ಚೀ, ನಿನ್ನ ಕೈ ಮುಗೀಬೇಕು," ಅಂದೆ. ಸಂಭ್ರಮದಲ್ಲಿ ಅವಳ ಭುಜ ಹಿಡಿದು ಅಲುಗಾಡಿಸಿಬಿಟ್ಟೆ. "ನಡಿ, ಸರ್‌ಗೆ ಹೇಳೋಣು."

"ಬ್ಯಾಡ್ರಿ ಯವ್ವಾ, ಮನ್ಯಾಗ ಕೇಳಿ ಹೇಳ್ತೀನಿ," ಅಂದಳು.

ಮನೆಯಲ್ಲಿ ಸೂಗಪ್ಪ ಖಡಾಖಂಡಿತ ಬೇಡ ಅಂದನಂತೆ. ಮರುದಿನ ಅವಳು ಅವನ ಮಾತನ್ನು ಹಾಗೇ ನನಗೆ ಒಪ್ಪಿಸಿದಳು: "ಗೊತ್ತಿಲ್ಲದ್ದಕ್ಕ ನಿನ್ನ ಇಟ್ಕೊಂಡಾರ, ಗೊತ್ತಾದ ಮ್ಯಾಲ ಯಾಕ ಇಟ್ಕೋತಾರ?" ನಾನು ನಕ್ಕೆ. ಗೌಂಡಿಗೆ ಲ್ಯಾಬಿನ ವಿಷಯ ಏನು ಗೊತ್ತು ಅಂತ ಮನಸ್ಸಿನಲ್ಲೇ ಅಂದುಕೊಂಡೆ ಕೂಡ. ಈಗ ಆ ನಗು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಾನು ಬಿಡಲಿಲ್ಲ. ಬಿಡದಿರಲು ಕಾರಣವೂ ಇತ್ತು. ಮಾರ್ಚ್ ಮೂವತ್ತೊಂದಕ್ಕೆ ಹಳೆಯ ಏಜೆನ್ಸಿಯ ಗುತ್ತಿಗೆ ಮುಗಿಯುತ್ತಿತ್ತು. ಹೊಸದು ಬಂದು ಎಲ್ಲರ ಪಾಸು ಹೊಸದಾಗಿ ಮಾಡಬೇಕು. ಈ ಸಲ ವಯಸ್ಸು, ಓದು ಎಲ್ಲ ನೋಡುತ್ತಾರಂತೆ ಅಂತ ಸುದ್ದಿಯಿತ್ತು. ಬಂಡೆಮ್ಮನಿಗೆ ಐವತ್ತೇಳು, ಓದು ಶೂನ್ಯ. ಅವಳಿಲ್ಲದೆ ಹರಳಿಲ್ಲ ಅಂತ ಜನಾರ್ದನರಿಗೆ ಗೊತ್ತಾದರೆ ಅವಳ ಪಾಸನ್ನು ಯಾರೂ ಮುಟ್ಟುವುದಿಲ್ಲ ಎಂಬುದು ನನ್ನ ಲೆಕ್ಕ. ಇದನ್ನೇ ಅವಳಿಗೆ ಹತ್ತು ದಿನ, ಹತ್ತು ರೀತಿ ಹೇಳಿದೆ. "ಸೂಗಪ್ಪಗ ಹೇಳು, ನಾ ಅದೀನಿ ಅಂತ," ಅಂದೆ. ಹತ್ತನೆಯ ದಿನ ಅವಳು, "ಆತ್ರಿ, ನೀವು ಹೇಳಾಕತ್ತೀರಿ ಅಂದ್ರ ಖರೇನ ಇರತದ," ಅಂದಳು. ಸೂಗಪ್ಪನಿಗೆ ಹೇಳದೆಯೇ ಬಂದಿದ್ದಳು.

ಜನಾರ್ದನರ ಮುಖ ಆವತ್ತು ನೋಡಬೇಕಿತ್ತು. ಕುರ್ಚಿಯಿಂದ ಎದ್ದು ನಿಂತರು. "ಅಮ್ಮಾ, ಇಷ್ಟು ದಿನ ಎಲ್ಲಿದ್ರಿ ನೀವು? ನಮ್ಮ ಗುರುಗಳು ನೀವು!" ಅಂದರು. ಹಿಮಾಯತ್‌ನಗರದ ಅಂಗಡಿಯಿಂದ ಒಂದು ಕಿಲೋ ಮಿಠಾಯಿ ತರಿಸಿ ಅವಳ ಕೈಯಿಂದಲೇ ಎಲ್ಲರಿಗೂ ಹಂಚಿಸಿದರು. ಹತ್ತೊಂಬತ್ತು ವರ್ಷದಲ್ಲಿ ಅವಳು ಮೇಲಿನ ಮಹಡಿಯ ಎ.ಸಿ. ಕೋಣೆಯಲ್ಲಿ ಕುಳಿತದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ, ಬೀಳುತ್ತಾಳೇನೋ ಅನ್ನುವ ಹಾಗೆ ಕುಳಿತಿದ್ದಳು. ಪಾಸಿನ ವಿಷಯ ನಾನೇ ಎತ್ತಿದೆ.

"ಅಯ್ಯೋ ಶೈಲಾ, ಅದೂ ಒಂದು ಮಾತಾ? ಅವರು ಇಲ್ದೆ ಹೇಗಾಗುತ್ತೆ? ನಾನಿದೀನಲ್ಲ," ಅಂದರು.

ನಾ ಅದೀನಿ ಅಂತ ನಾನು, ನಾನಿದೀನಿ ಅಂತ ಅವರು. ಇಬ್ಬರು ಇದ್ದೆವು.

ಆಮೇಲೆ ಮೂರು ದಿನ ಅವಳು ತೊಳೆಯುವುದನ್ನು ಚಿತ್ರೀಕರಿಸಿದೆವು. ನನ್ನ ಕೈಯಲ್ಲಿ ಕ್ಯಾಮೆರಾ. ನೀರು ಎಷ್ಟು ಬಿಸಿ ಅಂದರೆ, "ಕೈ ಇಟ್ರ ಚುರ್ ಅನ್ನಬೇಕು, ತಗೀಬೇಕು ಅನ್ನಿಸಬಾರದು." ವಿದ್ಯಾರ್ಥಿಯೊಬ್ಬ ಉಷ್ಣಮಾಪಕ ಅದ್ದಿ ಐವತ್ತೆರಡು ಡಿಗ್ರಿ ಅಂತ ಬರೆದುಕೊಂಡ. ಎಷ್ಟು ಸಲ ತೊಳೆಯಬೇಕು ಅಂದರೆ, ಬೆರಳಿಗೆ ಸಣ್ಣ ರವೆ ಹತ್ತಿದ ಹಾಗಿದ್ದರೆ ಎರಡು, ಜೋಳದ ನುಚ್ಚಿನ ಹಾಗಿದ್ದರೆ ಮೂರು. ಒಂದು ಡಬ್ಬಿಯ ಮುಚ್ಚಳ ಇನ್ನೊಂದಕ್ಕೆ ಹಾಕಕೂಡದು. ಬಿಸಿಲಿಗೆ ಇಡಕೂಡದು. ಅವಳು ಹೇಳಿದ್ದನ್ನು ನಾನು ಇಂಗ್ಲಿಷಿಗೆ ಇಳಿಸಿದೆ. ಹತ್ತು ಅಂಶ ಆಯಿತು.

ಮೂರನೆಯ ದಿನ ಎಲ್ಲ ಮುಗಿದು ಸಂಜೆ ನಾನು ಹೊರಡುವಾಗ, ಮೊಣಕಾಲು ಹಿಡಿದುಕೊಂಡು ಮೂರನೆಯ ಅಂತಸ್ತಿಗೆ ಹತ್ತಿ ಬಂದಳು. "ಮೇಡಮ್ಮ, ಒಂದು ಮರ್ತಿದ್ದೆ. ಹತ್ತು ಸಲ ಆದ ಮ್ಯಾಲ ಒಮ್ಮೆ ಒಂದ ತಾಸು ಆಸಿಡ್ಡಿಗೆ ಹಾಕಬೇಕ್ರಿ, ಇಡೀ ದಿನ ಬ್ಯಾಡ. ಹುಳಿ ಹೆಚ್ಚಾದ ಗಡಿಗಿ ಒಮ್ಮೆ ತಿಕ್ಕತೀವಲ್ಲ, ಹಂಗ. ಇದು ಬರೀಲಿಲ್ಲಂದ್ರ ಹನ್ನೊಂದನೇದು ಕೆಡತದ ನೋಡ್ರಿ." ಹನ್ನೊಂದನೆಯ ಅಂಶವಾಗಿ ಅದನ್ನೂ ಬರೆದೆ. ಏದುಸಿರು ಬಿಡುತ್ತಿದ್ದಳು, ಕೂಡಿಸಿ ನೀರು ಕೊಟ್ಟೆ.

ಮಾರ್ಚಿನ ಎರಡನೆಯ ವಾರ ಸುರಕ್ಷತಾ ವಿಭಾಗದಿಂದ ಒಂದು ಕಾಗದ ನನ್ನ ಮೇಜಿಗೆ ಬಂತು. 'ಸದರಿ ಡಬ್ಬಿಗಳನ್ನು ಕೆಲಸಗಾರ್ತಿ ಬಂಡೆಮ್ಮ ನಿಗದಿತ ಆಸಿಡ್ ವಿಧಾನವನ್ನು ಬಿಟ್ಟು ಕೇವಲ ಬಿಸಿನೀರಿನಲ್ಲಿ ತೊಳೆಯುತ್ತಿದ್ದುದನ್ನು ನಾನು ಖುದ್ದಾಗಿ ಕಂಡಿದ್ದೇನೆ' ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಸಾಕ್ಷಿಯ ರುಜುವಿಗೆ ಜಾಗ. ಪೇಟೆಂಟಿನ ಅರ್ಜಿಗೆ ಬೇಕಾಗುತ್ತದೆ ಅಂತ ಜನಾರ್ದನರ ವಿದ್ಯಾರ್ಥಿ ಹೇಳಿದ. ಈ ಉಪಾಯ ಅವಳದೇ ಅಂತ ಬರಹದಲ್ಲಿ ದಾಖಲಾಗುತ್ತಿದೆ, ಒಳ್ಳೆಯದೇ ಆಯಿತು ಅಂದುಕೊಂಡು ಪೆನ್ನು ತೆಗೆದು ಸರಕ್ಕನೆ ರುಜು ಹಾಕಿದೆ. ಅವಳ ಹೆಬ್ಬೆಟ್ಟನ್ನೂ ನಾನೇ ಒತ್ತಿಸಿದೆ. "ಏನ್ರಿ ಇದು?" ಅಂದಳು. "ನಿನ್ನ ಹೆಸರು ಬರಾಕತ್ತದ," ಅಂದೆ. ಹಲ್ಲು ಕಾಣುವ ಹಾಗೆ ನಕ್ಕಳು.

ಹೆಸರು ಬಂದದ್ದು ನಿಜ. ಏಪ್ರಿಲ್ ಒಂದರ ಪಟ್ಟಿಯಲ್ಲಿ ಬಂತು. ಪಾಸು ನವೀಕರಿಸಬಾರದವರ ಪಟ್ಟಿಯಲ್ಲಿ, ಮೂರನೆಯ ಹೆಸರು. ಕಾರಣದ ಜಾಗದಲ್ಲಿ 'ದೀರ್ಘಕಾಲ ಸುರಕ್ಷತಾ ನಿಯಮ ಉಲ್ಲಂಘನೆ, ಸಾಕ್ಷಿ ಸಹಿತ ಒಪ್ಪಿಗೆ' ಎಂದಿತ್ತು. ಸಾಕ್ಷಿ ನಾನು.

ಆವತ್ತು ನಾನು ಕೂಗಾಡಿದ್ದು ನಿಜ. ಗುತ್ತಿಗೆಯವರ ವ್ಯವಹಾರ ನೋಡುವ ಸಾಯಿಕುಮಾರನ ಮೇಜು ಬಡಿದೆ. ಅವನು ತೆಲುಗಿನಲ್ಲಿ, "ಮೇಡಂ, ಸಂತಕಂ ಮೀದೇ ಕದಾ?" ಅಂದ. ರುಜು ನಿಮ್ಮದೇ ಅಲ್ಲವೇ ಅಂತ. ಅಲ್ಲಿಂದ ಜನಾರ್ದನರ ಕೋಣೆಗೆ ನುಗ್ಗಿದೆ. ಅವರು ನನಗೆ ಚಹಾ ತರಿಸಿದರು.

"ನಂಗೂ ಬೇಜಾರಾಗಿದೆ ಶೈಲಾ. ಆದ್ರೆ ನೋಡಿ, ಇದು ಸೇಫ್ಟಿ ಮತ್ತೆ ಏಜೆನ್ಸಿಯ ವಿಷಯ. ನಾನು ಮಧ್ಯೆ ಬಂದ್ರೆ, ಎರಡು ವರ್ಷ ನಿಮ್ಮ ಲ್ಯಾಬಲ್ಲಿ ನಿಯಮ ಮೀರಿದ್ದು ನಿಮಗೆ ಹೇಗೆ ಗೊತ್ತಾಗಲಿಲ್ಲ ಅಂತ ನನ್ನನ್ನೇ ಕೇಳ್ತಾರೆ. ಪೇಟೆಂಟ್ ಬೇರೆ ಈಗ ಸೂಕ್ಷ್ಮ ಹಂತದಲ್ಲಿದೆ."

"ಸರ್, ಅದೇ ನಿಯಮ ಮೀರಿದ್ದನ್ನೇ ನೀವು ಪೇಟೆಂಟ್ ಮಾಡ್ತಿರೋದು!"

"ಈಗ ಅದಕ್ಕೆ ಲಿಖಿತ ವಿಧಾನ ಇದೆಯಲ್ಲ. ಹನ್ನೊಂದು ಅಂಶ. ನೀವೇ ಚೆನ್ನಾಗಿ ಬರೆದಿದ್ದೀರ," ಅಂದರು. ಮೆತ್ತಗೇ ಅಂದರು, ನಗುತ್ತಲೇ ಅಂದರು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಇಲ್ಲಿ ಅಂಬಿಗಿತ್ತಿಯ ದೋಣಿಯನ್ನೂ ಬರೆಸಿಕೊಂಡಿದ್ದರು. ನಾನು ರಾಜೀನಾಮೆ ಕೊಡುತ್ತೇನೆ ಅಂತ ಮನೆಗೆ ಹೋಗಿ ಗಂಡ ಚಂದ್ರಕಾಂತನ ಮುಂದೆ ಹಾರಾಡಿದೆ. ಅವನು, "ಕೊಡು, ಆದ್ರ ಕೊಟ್ರ ಆಕಿ ಪಾಸು ಹೊಳ್ಳಿ ಬರ್ತದೇನು?" ಅಂದ. ಕೂಕಟ್‌ಪಲ್ಲಿಯ ಫ್ಲಾಟಿನ ಕಂತು ಇನ್ನೂ ಹನ್ನೊಂದು ವರ್ಷ ಇತ್ತು. ನಾನು ಕೊಡಲಿಲ್ಲ. ಮೇಲಿನವರಿಗೆ ಒಂದು ಪತ್ರ ಬರೆದೆ, 'ಪರಿಶೀಲಿಸಲಾಗುವುದು' ಅಂತ ಉತ್ತರ ಬಂತು. ಅಲ್ಲಿಗೆ ನನ್ನ ಶೌರ್ಯ ಮುಗಿಯಿತು.

ಬಂಡೆಮ್ಮ ಹೋದ ದಿನ ಗಲಾಟೆ ಮಾಡಲಿಲ್ಲ. ಕೊರಳಿನ ಪಾಸು ತೆಗೆದು ಗೇಟಿನ ಕಾವಲುಗಾರನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, "ಮೇಡಮ್ಮ, ಕಾರ್ಡು ಎಷ್ಟು ದಿನ ನಡೀತದ ಒಂದೀಟು ಕೇಳಿ ಹೇಳ್ರಿ," ಅಂದಳು. ಕೇಳಿದೆ. ಅವಳ ಹೆಸರಿನಲ್ಲಿ ಕಟ್ಟಿದ ಕಂತಿನ ಮೇಲೆ ಜೂನ್ ಕೊನೆಯವರೆಗೆ ನಡೆಯುತ್ತದೆ ಅಂದರು. ಮೂರು ತಿಂಗಳು. ಅವಳು ಬೆರಳು ಮಡಚಿ ಎಣಿಸಿ, "ವಾರಕ್ಕ ಎರಡರಂಗ ಇಪ್ಪತ್ತಾರು ಸಲ ಆಗತದ," ಅಂದಳು.

ಅವಳ ಜಾಗಕ್ಕೆ ಇಬ್ಬರು ಬಂದರು, ನಿಖಿತಾ ಮತ್ತು ಯಂಕಮ್ಮ. ಹತ್ತನೆಯ ತರಗತಿ ಪಾಸಾದವರು. ಅವರಿಗೆ ನಾವು ತೆಗೆದ ಚಿತ್ರವನ್ನೇ ತೋರಿಸಿ ಕಲಿಸಿದರು. ಅದರಲ್ಲಿ ಬಂಡೆಮ್ಮನ ಮುಖ ಕತ್ತರಿಸಿ ಹೋಗಿತ್ತು, ಮೊಣಕೈಯಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಅವಳ ದನಿ ತೆಗೆದು ನನ್ನ ಇಂಗ್ಲಿಷು ಹಾಕಿದ್ದರು. ಸ್ಪಷ್ಟವಾಗಿದೆ ಅಂತ ಎಲ್ಲರೂ ಮೆಚ್ಚಿದರು.

ಇನ್ನು ಹರಳು ಕೆಡುತ್ತವೆ, ಕೆಟ್ಟೇ ಕೆಡುತ್ತವೆ ಅಂತ ನಾನು ಕಾದೆ. ಆಗ ಜನಾರ್ದನರು ಓಡಿ ಬಂದು 'ಬಂಡೆಮ್ಮನನ್ನು ಕರೆಸಿ' ಅನ್ನಬೇಕು, ನಾನು ಆಗ ನಾಲ್ಕು ಮಾತು ಕೇಳಬೇಕು. ಆ ನಾಲ್ಕು ಮಾತು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಏಪ್ರಿಲಿನ ಪುಡಿ ಬಂತು, ಹಿಗ್ಗಿಸಿ ನೋಡಿದೆ. ಹಾಳೆ ಹಾಳೆ. ಮೇ ತಿಂಗಳಿನದೂ ಹಾಗೇ. ಹನ್ನೊಂದನೆಯ ಸುತ್ತು ಬಂದಾಗ ನಿಖಿತಾ ಹನ್ನೊಂದನೆಯ ಅಂಶ ಓದಿ ಡಬ್ಬಿಗಳನ್ನು ಒಂದು ತಾಸು ಆಸಿಡ್ಡಿಗೆ ಹಾಕಿದಳು. ಮುಂದಿನ ಪುಡಿ ಮತ್ತೂ ಚಂದ ಬಂತು. ಅಷ್ಟು ಚಂದದ ಫೋಟೊ ನನ್ನ ಜನ್ಮದಲ್ಲಿ ತೆಗೆದಿರಲಿಲ್ಲ. ತಾರೀಖು ಹಾಕಿ ಇಟ್ಟೆ.

ಅವಳ ಮನೆಗೆ ಹೋಗಲು ನನಗೆ ಧೈರ್ಯ ಬಂದದ್ದು ಜುಲೈ ಮೂರನೆಯ ಭಾನುವಾರ. ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನಿಂದ ಅವಳಿರುವ ಕೂಲಿಕಾರರ ಬಸ್ತಿಗೆ ನಡೆದರೆ ಇಪ್ಪತ್ತು ನಿಮಿಷ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಸೇಬು ಹಿಡಿದುಕೊಂಡು ಹೋದೆ. ಕಿಡ್ನಿ ಇಲ್ಲದವನಿಗೆ ಯಾವ ಹಣ್ಣು ಕೊಡಬೇಕು, ಯಾವುದು ಕೂಡದು ಅಂತ ವಿಚಾರಿಸಿಕೊಂಡೇ ಹೋಗಿದ್ದೆ. ಅಷ್ಟರ ಮಟ್ಟಿಗೆ ಜಾಣೆ.

ಒಂದೇ ಕೋಣೆ, ತಗಡಿನ ಮಾಳಿಗೆ. ಸೂಗಪ್ಪ ಮಂಚದ ಮೇಲಿದ್ದ. ಕಾಲು ಊದಿ ಪಾದದ ಗೆರೆಗಳೇ ಮಾಯವಾಗಿದ್ದವು. ಕಾರ್ಡು ನಿಂತ ಮೇಲೆ ಯಾವುದೋ ಧರ್ಮದ ಆಸ್ಪತ್ರೆಯಲ್ಲಿ ಸರದಿ ಹಚ್ಚಿದ್ದರು. ಅಲ್ಲಿ ಎರಡು ವಾರಕ್ಕೆ ಒಂದು ಸಲ ಸಿಗುತ್ತಿತ್ತು. ಬಂಡೆಮ್ಮ ಎರಡು ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಅಲ್ಲಿ ಪಾಸೂ ಇಲ್ಲ, ಕಾರ್ಡೂ ಇಲ್ಲ. ನನ್ನನ್ನು ಕಂಡು, "ಬರ್ರಿ ಮೇಡಮ್ಮ, ಬಿಸಿಲಾಗ ಬಂದೀರಿ," ಅಂತ ಚಾಪೆ ಹಾಸಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಒಂದು ಋಣ ಹರಿಯುತ್ತಿತ್ತು.

ನೀರು ಕೊಟ್ಟು ಎದುರಿಗೆ ಕುಳಿತಳು. ಊರ ಕಡೆ ಮಳೆ, ನನ್ನ ಮಗಳ ಓದು, ಎಲ್ಲ ಕೇಳಿದಳು. ಆಮೇಲೆ ದನಿ ಇಳಿಸಿ ಕೇಳಿದಳು.

"ಮೇಡಮ್ಮ, ಡಬ್ಬ್ಯಾಗಿನ ಹಳ್ಳು ಈಗ ಹ್ಯಾಂಗ ಬರಾಕತ್ತಾವ್ರಿ?"

ಸುಳ್ಳು ಹೇಳಬಹುದಿತ್ತು. ಅವಳ ಕಣ್ಣು ನೋಡಿದರೆ ಏನು ಕೇಳಲು ಕಾದಿದ್ದಾಳೆ ಅಂತ ಕುರುಡನಿಗೂ ತಿಳಿಯುತ್ತಿತ್ತು. ಆದರೆ ನನ್ನ ಬಾಯಿ ಅಭ್ಯಾಸಬಲದಿಂದ ನಿಜ ನುಡಿಯಿತು.

"ಚಂದ ಬರಾಕತ್ತಾವ, ಬಂಡೆಮ್ಮಾ."

"ಒಮ್ಮಿಯೂ ಕೆಡಲಿಲ್ಲೇನ್ರಿ?"

"ಇಲ್ಲ."

ಅವಳು ಸೆರಗಿನಿಂದ ನೆಲದ ಮೇಲಿನ ಏನನ್ನೋ ಒರೆಸಿದಳು. ಅಲ್ಲಿ ಏನೂ ಇರಲಿಲ್ಲ. "ಕೆಡತಾವ, ಹೊಳ್ಳಿ ಕರೀತಾರ ಅಂತ ಫೋನು ಬಾಜೂಕ ಇಟ್ಕೊಂಡು ಕುಂದರ್ತಿದ್ನಿರಿ. ತೊಳಿಯೋ ಮನ್ಯಾಗೂ ಕಟ್ಟಿ ಮ್ಯಾಲ ಇಟ್ಕೋತಿದ್ದೆ. ಒಂದರ ಮಾತು ಹೊಟ್ಟ್ಯಾಗ ಇಟ್ಕೋಬೇಕಿತ್ತು ನಾ. ಎಲ್ಲಾ ಹೇಳಿಬಿಟ್ಟೆ. ಭಾಳ ಚಲೋ ಕಲಿಸಿಬಿಟ್ನೇನ್ರಿ ಮೇಡಮ್ಮ?"

ಮಂಚದ ಮೇಲಿಂದ ಸೂಗಪ್ಪ ಮುಖ ನನ್ನ ಕಡೆ ತಿರುಗಿಸಿದ. ಇಷ್ಟು ಹೊತ್ತು ಅವನು ಮಲಗಿದ್ದಾನೆ ಅಂದುಕೊಂಡಿದ್ದೆ.

"ಆಕಿಗಿ ಮುಚ್ಚಿಡಾಕ ಬರಂಗಿಲ್ರಿ ತಂಗೀ," ಅಂದ. ಸಿಟ್ಟಿಲ್ಲದ, ದಣಿದ ದನಿ. "ಅದು ನಿಮಗ ಗೊತ್ತಿತ್ತು. ಅದಕ್ಕ ನೀವು ಆಕೀನ್ನ ಕೇಳಿದ್ರಿ."

ನಾನು ಸೇಬಿನ ಚೀಲ ಬಾಗಿಲ ಹತ್ತಿರ ಇಟ್ಟು ಹೊರಗೆ ಬಂದೆ.